ಐದು ಲೀಟರು

ಇಂಜೆರಾಕ್ಕೆ ಕಣ್ಣಿರಬೇಕು.
ಹಿಟ್ಟು ಹುಳಿ ಬಂದು, ಹೆಂಚು ಹದವಾಗಿ ಕಾದಿದ್ದರೆ
ಸುರಿದ ಗಳಿಗೆಗೇ ಮೈತುಂಬ ಕಣ್ಣು ಬಿಡುತ್ತದೆ.
ಇಲ್ಲದಿದ್ದರೆ ಕುರುಡು.
ಕುರುಡು ಇಂಜೆರಾವನ್ನು ನಮ್ಮ ಗೊಂದರಿನಲ್ಲಿ
ಯಾರೂ ದುಡ್ಡು ಕೊಟ್ಟು ಒಯ್ಯುವುದಿಲ್ಲ.

ಇವತ್ತು ಅರವತ್ತು ಬೇಕು.
ತಿರುನೆಶ್‌ಳ ಗಂಡ ಹೋಗಿ ನಾಳೆಗೆ ನಲವತ್ತು ದಿನ,
ಊಟಕ್ಕೆ ಪಾದ್ರಿಗಳು, ನೆಂಟರು, ಬಡವರು.
ಹನ್ನೊಂದನೆಯದು ಸುರಿಯುತ್ತಿದ್ದೆ,
ಕರೆಂಟು ಹೋಯಿತು.
ಅರ್ಧ ಸುತ್ತು ಬಂದಿದ್ದ ಹಿಟ್ಟು ಅಲ್ಲೇ ನಿಂತು
ನನ್ನನ್ನೇ ನೋಡಿತು, ಕಣ್ಣಿಲ್ಲದೆಯೂ.
"ದೇವರೇ" ಅಂದೆ.
ಪ್ರಾರ್ಥನೆಯೇನಲ್ಲ,
ಬೈಗುಳದ ಪಕ್ಕದ ಮನೆಯ ಮಾತು.

ಏಳು ವರ್ಷದವಳಿದ್ದಾಗ ಅಮ್ಮ
ಎಣ್ಣೆ ಮುಗಿದ ಹಳದಿ ಕ್ಯಾನೊಂದನ್ನು ತೊಳೆದು
ಬೆನ್ನಿಗೆ ಕಟ್ಟಿದಳು. ಐದು ಲೀಟರಿನದು.
ಬುಗ್ಗೆಯಿಂದ ಮನೆಗೆ ಪೂರ್ತಿ ಏರು.
ಮೊದಲ ದಿನ ಅರ್ಧ ನೀರು ಬಿರಡೆಯಿಂದ ಸೋರಿ
ಲಂಗವೆಲ್ಲ ಒದ್ದೆ.
ಅಮ್ಮ ಬೈಯಲಿಲ್ಲ.
ಹಗ್ಗವನ್ನು ನಾಲ್ಕು ಬೆರಳು ಮೇಲಕ್ಕೆಳೆದು
ಮತ್ತೆ ಕಟ್ಟಿದಳು.
ಹತ್ತು ಲೀಟರು ಬಂದದ್ದು ಎರಡು ಮಳೆಗಾಲ ಕಳೆದ ಮೇಲೆ,
ಇಪ್ಪತ್ತು, ಹದಿಮೂರು ತುಂಬಿದಾಗ.

ದೇವರಿಗೆ ಅಮ್ಮನಷ್ಟು ಲೆಕ್ಕ ಬರುವುದಿಲ್ಲ
ಎಂದುಕೊಂಡಿದ್ದೆ ಬಹಳ ಕಾಲ.
ಲಿಮಾಲಿಮೋ ತಿರುವಿನಲ್ಲಿ ಅಸ್ಮಾಮಾವ್‌ನ ಲಾರಿ ಉರುಳಿದಾಗ
ಇಪ್ಪತ್ತಲ್ಲ, ಇನ್ನೂರು ಲೀಟರು, ಒಂದೇ ಸಲ.
ಹೊರಲಾಗಲಿಲ್ಲ.
ದಾರಿಯ ನಡುವೆ ಇಳಿಸಿ ಕೂತುಬಿಟ್ಟೆ.
ಚರ್ಚಿನ ಗೋಡೆಗೆ ಹಣೆ ಒತ್ತುವುದನ್ನೂ ಬಿಟ್ಟೆ.
ಹೇಗಿದ್ದೀಯ ಎಂದು ಕೇಳಿದರೆ
ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ:
ದೇವರಿಗೆ ಸ್ತೋತ್ರ.
ನಾನೂ ಹೇಳುತ್ತಿದ್ದೆ,
ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಹಾಗೆ.

ಆಮೇಲೊಂದು ದಿನ ಬೀಗದ ಕೈ ಕಳೆಯಿತು.
ಹೊಸದಕ್ಕೆ ದುಡ್ಡಿರಲಿಲ್ಲ.
ಮೂರು ರಾತ್ರಿ ಬಾಗಿಲು ಬರಿದೇ ಮುಚ್ಚಿಕೊಂಡು
ಮಗಳ ಕಾಲಿಗೆ ಕಾಲು ತಾಗಿಸಿ ಮಲಗಿದೆ.
ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ.
ಎರಡನೆಯ ರಾತ್ರಿ "ನೀನೇ ನೋಡಿಕೋ" ಅಂದೆ, ಸಿಟ್ಟಿನಿಂದಲೇ.
ಮೂರನೆಯ ರಾತ್ರಿ ಗೊರಕೆ ಹೊಡೆದೆನಂತೆ,
ಮೆಕ್ಲಿತ್ ಹೇಳಿದಳು.
ಕೀಲಿ ಟೆಫ್ ಹಿಟ್ಟಿನ ಡಬ್ಬಿಯಲ್ಲಿತ್ತು.
ಮರುತಿಂಗಳು ಬೀಗ ಹಾಕಿದ್ದಾಗಲೇ ಕೋಳಿ ಕಳುವಾಯಿತು,
ಅದನ್ನೂ ಹೇಳಬೇಕು.

ಆದರೆ ಹಗ್ಗವನ್ನು ಯಾರೋ
ನಾಲ್ಕು ಬೆರಳು ಮೇಲಕ್ಕೆಳೆದ ಹಾಗಿತ್ತು.
ಚೀಟಿ ದುಡ್ಡಿಗೆ ಹತ್ತು ಬಿರ್ ಕಡಿಮೆ ಬಿದ್ದಾಗ,
ಮಗಳ ಜ್ವರ ಬೆಳಗಾದರೂ ಇಳಿಯದಿದ್ದಾಗ,
ನಲ್ಲಿ ನನ್ನ ಸರದಿಗೇ ನಿಂತಾಗ
"ಐದು ಲೀಟರು" ಅಂದುಕೊಳ್ಳುತ್ತೇನೆ.
ಸ್ವಲ್ಪ ಚೆಲ್ಲುತ್ತದೆ. ಮನೆ ತಲುಪುತ್ತೇನೆ.

ಹಿತ್ತಿಲ ಹಳೆಯ ಒಲೆಗೆ ನೀಲಗಿರಿ ಸೊಪ್ಪು ಒಟ್ಟಿದೆ.
ಸೌದೆ ಹಸಿ. ಹೊಗೆಗೆ ನನ್ನ ಕಣ್ಣೇ ಕುರುಡು.
ಫನ್ತಾಯೆ ಬೇಲಿಯಾಚೆಯಿಂದ ಕೆಮ್ಮುತ್ತಾ ಬೈದಳು,
ಬೈಯುತ್ತಲೇ ಓಡಿನ ಚೂರಿನಲ್ಲಿ ಕೆಂಡ ತಂದಳು.
ಹನ್ನೆರಡನೆಯದು ಕುರುಡು,
ಹದಿಮೂರು ಅಂಚಿನಲ್ಲಿ ಮಾತ್ರ ಎಚ್ಚರ,
ಹದಿನಾಲ್ಕನೆಯದು ನಡುವಿನಿಂದ ಒಂದು, ಆಮೇಲೆ ಹತ್ತು,
ಆಮೇಲೆ ಎಣಿಸಲಾರದಷ್ಟು.

ಅರವತ್ತನೆಯದನ್ನು ಎತ್ತಿ ಇಟ್ಟೆ, ಕರೆಂಟು ಬಂತು.
"ಇಷ್ಟು ಹೊತ್ತು ಎಲ್ಲಿದ್ದೆ ಮಹರಾಯಾ?" ಅಂದೆ.
ಬಲ್ಬು ಉರಿಯಿತು. ಬೇರೇನೂ ಹೇಳಲಿಲ್ಲ.

ಸಂಜೆ ತಿರುನೆಶ್ ತಾನೇ ಬಂದಳು.
ಕಪ್ಪು ಶಾಲು, ಒಣಗಿದ ತುಟಿ.
ಹೇಗಿದ್ದೀಯ ಅಂದೆ.
"ದೇವರಿಗೆ ಸ್ತೋತ್ರ."
ಒಳಗಿನಿಂದ ಚಿಲಕ ಬಿದ್ದದ್ದು ಕೇಳಿಸಿತು.
ಐದು ಲೀಟರಿನ ಕತೆ ನಾಲಗೆಯ ತುದಿಗೆ ಬಂದಿತ್ತು,
ನುಂಗಿಕೊಂಡೆ.
ಬುಟ್ಟಿಯನ್ನು ಅವಳ ಬೆನ್ನಿಗೆ ಏರಿಸಿ
ಹಗ್ಗವನ್ನು ನಾಲ್ಕು ಬೆರಳು
ಮೇಲಕ್ಕೆಳೆದು ಕಟ್ಟಿದೆ.